ಅಡುಗೆಮನೆಗೂ ಮೊದಲು ಕೋಳಿಮನೆ

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಇನ್ನೂ ಕೆಲವೇ ದಿನ ಬಾಕಿಯಿರುವಾಗ, ಮೈಸೂರಿನ ವಿಜಯನಗರಕ್ಕೆ ಹತ್ತಿರದ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಭೋಪಾಲದ ಪ್ರಯೋಗಾಲಯದಿಂದ ಫಲಿತಾಂಶ ಬಂದದ್ದೇ ತಡ, ಆಡಳಿತ ಎಚ್ಚೆತ್ತಿತು. ಒಂದು ಕಿಲೋಮೀಟರ್ ವ್ಯಾಪ್ತಿಯ ಸಾಕುಕೋಳಿಗಳನ್ನು ಕೊಲ್ಲುವ ಆದೇಶ ಹೊರಟಿತು, ಕೋಳಿ ಅಂಗಡಿಗಳು ಬಾಗಿಲು ಹಾಕಿದವು, ರಕ್ಷಾಕವಚ ತೊಟ್ಟ ಸಿಬ್ಬಂದಿ ಬೀದಿಗಿಳಿದರು. ಆ ವೇಗ ಮೆಚ್ಚಬೇಕಾದದ್ದೇ. ಆದರೆ ಆ ವೇಗಕ್ಕೆ ಕಾರಣ ಸರಳ: ಹಕ್ಕಿಜ್ವರ ಹಕ್ಕಿಯನ್ನೇ ಕೊಲ್ಲುತ್ತದೆ. ಸತ್ತ ಹಕ್ಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾಂಸ, ಮೊಟ್ಟೆ, ಹಾಲಿನ ಮೂಲಕ ಮನುಷ್ಯರಿಗೆ ಭೇದಿ, ಜ್ವರ, ಕೆಲವೊಮ್ಮೆ ಸಾವನ್ನೇ ತರುವ ಬ್ಯಾಕ್ಟೀರಿಯಾಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಅವು ಪ್ರಾಣಿಯ ಕರುಳಿನಲ್ಲಿ ನೆಮ್ಮದಿಯಾಗಿ ಬಾಳುತ್ತವೆ, ಪ್ರಾಣಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೋಳಿ ಮೇಯುತ್ತದೆ, ತೂಕ ಹಾಕುತ್ತದೆ, ಕಣ್ಣಲ್ಲಿ ಕಳೆಯಿರುತ್ತದೆ. ಸಾಕುವವನಿಗೆ ಅನುಮಾನ ಬರುವಂಥದ್ದು ಏನೂ ಇಲ್ಲ. ಹಾಗಾಗಿ ನಮ್ಮ ಆಹಾರ ಸುರಕ್ಷತೆಯ ಕಾವಲೆಲ್ಲ ಅಡುಗೆಮನೆ ಮತ್ತು ಹೋಟೆಲಿನ ಬಾಗಿಲಲ್ಲಿ ನಿಂತಿದೆ. ಅದು ನಿಲ್ಲಬೇಕಾದ ಮೊದಲ ಜಾಗ ಕೋಳಿಮನೆ, ದೊಡ್ಡಿ, ಹ್ಯಾಚರಿ ಎಂಬುದು ಈ ಲೇಖನದ ವಾದ.

ಕೋಳಿಯ ಕರುಳಿನ ಕೊನೆಯ ಭಾಗದಲ್ಲಿ ಎರಡು ಚೀಲಗಳಿವೆ. ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೆ ಅದೇ ತವರು. ಅದು ಚೆನ್ನಾಗಿ ಬೆಳೆಯುವುದು 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಕೋಳಿಯ ಮೈಬಿಸಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಆ ಚೀಲದಲ್ಲಿರುವ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಕ್ಯಾಂಪೈಲೊಬ್ಯಾಕ್ಟರ್ ಇರಬಹುದು. ಮನುಷ್ಯನಿಗೆ ಕಾಯಿಲೆ ಬರಲು ಕೆಲವು ನೂರು ಸಾಕು. ಸಾಲ್ಮೊನೆಲ್ಲಾದ ದಾರಿ ಇನ್ನೂ ಕುಟಿಲ. ಅದರ ಒಂದು ಬಗೆ ಮೊಟ್ಟೆಯಿಡುವ ಕೋಳಿಯ ಅಂಡಾಶಯದಲ್ಲೇ ಸೇರಿಕೊಂಡು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಕೂತುಬಿಡುತ್ತದೆ. ಅಂಥ ಮೊಟ್ಟೆಯನ್ನು ಹೊರಗಿನಿಂದ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ದನ, ಎಮ್ಮೆ, ಕುರಿಗಳ ಕರುಳಿನಲ್ಲಿ ಇ. ಕೋಲಿಯ ಕೆಲವು ವಿಷಕಾರಿ ತಳಿಗಳು ಇರುತ್ತವೆ. ಅವು ಉಗುಳುವ ವಿಷ ಅಂಟಿಕೊಳ್ಳಲು ಬೇಕಾದ ಹಿಡಿಕೆ ದನದ ಕರುಳಿನ ರಕ್ತನಾಳಗಳಲ್ಲಿ ಇಲ್ಲ, ಆದ್ದರಿಂದ ದನಕ್ಕೆ ಅದು ಗೊತ್ತೇ ಆಗುವುದಿಲ್ಲ. ಅದೇ ವಿಷ ಪುಟ್ಟ ಮಗುವಿನ ಮೂತ್ರಪಿಂಡವನ್ನು ಹಾಳುಮಾಡಬಲ್ಲದು. 1993ರಲ್ಲಿ ಅಮೆರಿಕದ ಜ್ಯಾಕ್ ಇನ್ ದ ಬಾಕ್ಸ್ ಹೋಟೆಲುಗಳ ಅರೆಬೆಂದ ಹ್ಯಾಂಬರ್ಗರ್ ತಿಂದು ಏಳುನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ಮಕ್ಕಳು ಸತ್ತರು. ಕಾರಣ ಇ. ಕೋಲಿ ಒ157 ಎಂಬ ಇಂಥದೇ ತಳಿ.

ಕರುಳಿನೊಳಗಿದ್ದದ್ದು ಮಾಂಸಕ್ಕೆ ಹೇಗೆ ಬರುತ್ತದೆ? ಆರೋಗ್ಯವಂತ ಪ್ರಾಣಿಯ ಸ್ನಾಯುವಿನಲ್ಲಿ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಅಲ್ಲಿಗೆ ತಲುಪಿಸುವವರು ನಾವು. ಫಾರಂನಿಂದ ಹೊರಟ ಕೋಳಿ ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದ ಕ್ರೇಟಿನಲ್ಲಿ ಬರುತ್ತದೆ. ಮೇಲಿನ ಕೋಳಿಯ ಹಿಕ್ಕೆ ಕೆಳಗಿನದರ ಪುಕ್ಕದ ಮೇಲೆ ಬೀಳುತ್ತದೆ. ಪ್ರಯಾಣದ ಗಾಬರಿಗೆ ಸಾಲ್ಮೊನೆಲ್ಲಾ ಹಿಕ್ಕೆಯಲ್ಲಿ ಹೊರಬರುವುದೂ ಹೆಚ್ಚುತ್ತದೆ. ನಮ್ಮ ಬಡಾವಣೆಗಳ ಕೋಳಿ ಅಂಗಡಿಯಲ್ಲಿ ಕತ್ತು ಕೊಯ್ದ ಕೋಳಿ ಡ್ರಮ್ಮಿಗೆ ಬೀಳುತ್ತದೆ, ಅಲ್ಲಿ ಒದ್ದಾಡಿ ರಕ್ತ ಬಸಿದ ಮೇಲೆ ಚರ್ಮ ಸುಲಿಯುತ್ತಾರೆ, ಹೊಟ್ಟೆಗೆ ಕೈಹಾಕಿ ಕರುಳು ಎಳೆಯುತ್ತಾರೆ, ಹುಣಸೆ ಮರದ ಕೊರಡಿನ ಮೇಲಿಟ್ಟು ತುಂಡು ಮಾಡುತ್ತಾರೆ. ಕರುಳು ಎಲ್ಲಾದರೂ ಒಂದು ಕಡೆ ಹರಿದರೆ ಅದರಲ್ಲಿದ್ದದ್ದು ಕೈಗೆ, ಕತ್ತಿಗೆ, ಕೊರಡಿಗೆ ಹತ್ತುತ್ತದೆ. ಕೊರಡಿನ ಮೇಲೆ ಕತ್ತಿ ಬಿದ್ದೂ ಬಿದ್ದೂ ಆದ ಸೀಳುಗಳನ್ನು ನೋಡಿ. ಒಂದು ಬಕೆಟ್ ನೀರು ಸುರಿದು ಒರೆಸಿದರೆ ಅವು ಶುದ್ಧವಾಗುವುದಿಲ್ಲ. ಭಾನುವಾರ ಬೆಳಗಿನ ಮೊದಲ ಕೋಳಿಯಲ್ಲಿದ್ದದ್ದು ಆಮೇಲೆ ಸಾಲಿನಲ್ಲಿ ನಿಂತವರ ಚೀಲಕ್ಕೂ ಹಂಚಿಕೆಯಾಗುತ್ತದೆ. ಅಂಗಡಿಯವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅತ್ಯಾಧುನಿಕ ಕಸಾಯಿಖಾನೆಯಲ್ಲಿ ಯಂತ್ರ ಕರುಳು ತೆಗೆಯುವಾಗಲೂ ಅದು ಹರಿಯುತ್ತದೆ. ಕೊಯ್ಯುವ ಕೆಲವು ಗಂಟೆ ಮೊದಲೇ ಮೇವು ನಿಲ್ಲಿಸಿ ಕರುಳು ಖಾಲಿಯಾಗಿರುವಂತೆ ನೋಡಿಕೊಂಡರೆ ಅಪಾಯ ಒಂದಷ್ಟು ಕಡಿಮೆಯಾಗುತ್ತದೆ, ಆದರೆ ಉಪವಾಸ ಅತಿಯಾದರೆ ಕರುಳಿನ ಗೋಡೆಯೇ ತೆಳ್ಳಗಾಗಿ ಬೇಗ ಹರಿಯುತ್ತದೆ. ಎಷ್ಟು ಜಾಗರೂಕತೆಯಿಂದ ಕೊಯ್ದರೂ ಒಂದಿಷ್ಟು ಸೋರುವುದು ನಿಶ್ಚಿತ ಎಂದಾದರೆ, ಸೋರುವುದರಲ್ಲಿ ಏನಿದೆ ಎಂಬುದೇ ಮುಖ್ಯವಾಗುತ್ತದೆ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದು. ನಾವು ಹಸಿ ಮಾಂಸ ತಿನ್ನುವವರಲ್ಲ, ಸಾರನ್ನು ಕೊತಕೊತ ಕುದಿಸುತ್ತೇವೆ, ಹಾಲನ್ನು ಉಕ್ಕಿಸುತ್ತೇವೆ, ಬ್ಯಾಕ್ಟೀರಿಯಾ ಎಲ್ಲಿಂದ ಉಳಿದೀತು? ಈ ಮಾತಿನಲ್ಲಿ ದೊಡ್ಡ ಸತ್ಯವಿದೆ. ಮಾಂಸದ ನಡುಭಾಗ 70 ಡಿಗ್ರಿ ದಾಟಿದರೆ ಈ ಬ್ಯಾಕ್ಟೀರಿಯಾಗಳು ಬದುಕುವುದಿಲ್ಲ, ಮತ್ತು ನಮ್ಮ ಹಿರಿಯರ ಅಡುಗೆ ಪದ್ಧತಿ ನಮ್ಮನ್ನು ಬಹಳ ಕಾಲ ಕಾಪಾಡಿದೆ. ಆದರೆ ಆ ರಕ್ಷಣೆ ಸಾರಿನ ಪಾತ್ರೆಯೊಳಗೆ ಮಾತ್ರ. ಕೋಳಿ ಕೊಯ್ದ ಚಾಕುವಿನಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರೆ ಅದನ್ನು ಯಾರೂ ಕುದಿಸುವುದಿಲ್ಲ. ಕೋಳಿಗೊಬ್ಬರ, ಹಸಿ ಸಗಣಿ ಹಾಕಿ ಬೆಳೆದ ಕೊತ್ತಂಬರಿಯನ್ನು ಒಗ್ಗರಣೆಯಾದ ಮೇಲೆ ಉದುರಿಸುತ್ತೇವೆ. ಕ್ಯಾರೆಟ್ಟನ್ನು ಕೋಸಂಬರಿಗೆ ತುರಿಯುತ್ತೇವೆ. ಮಾಂಸ ಮುಟ್ಟದ ಮನೆಯೂ ಈ ಸರಪಳಿಯಿಂದ ಹೊರಗಿಲ್ಲ. 2022ರ ಮೇ ತಿಂಗಳ ಹೊತ್ತಿಗೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು, ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅಲ್ಲಿನ ಮಾದರಿಗಳಲ್ಲಿ ಶಿಗೆಲ್ಲಾ ಮತ್ತು ಸಾಲ್ಮೊನೆಲ್ಲಾ ಎರಡೂ ಸಿಕ್ಕವು. ಶಿಗೆಲ್ಲಾ ಮನುಷ್ಯರ ಮಲದಿಂದ ಬರುವಂಥದು, ಕೊಳಕು ಕೈ ಅಥವಾ ನೀರಿನ ಗುರುತು. ಸಾಲ್ಮೊನೆಲ್ಲಾದ ಮೂಲ ಹೆಚ್ಚಾಗಿ ಪ್ರಾಣಿಯ ಕರುಳು. ಇನ್ನು 2025ರ ಜನವರಿಯಲ್ಲಿ ಪುಣೆಯಲ್ಲಿ ಕೈಕಾಲು ಸ್ವಾಧೀನ ತಪ್ಪುವ ಗಿಯಾನ್ ಬಾರೆ ಕಾಯಿಲೆ ಇನ್ನೂರರ ಆಸುಪಾಸಿನಷ್ಟು ಜನರಲ್ಲಿ ಕಾಣಿಸಿಕೊಂಡಾಗ ಹಲವರ ಮಾದರಿಗಳಲ್ಲಿ ಸಿಕ್ಕದ್ದು ಇದೇ ಕ್ಯಾಂಪೈಲೊಬ್ಯಾಕ್ಟರ್. ಮುಖ್ಯ ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಕರುಳಿನ ಬ್ಯಾಕ್ಟೀರಿಯಾ ನೀರಿಗೆ ಸೇರಿದ ಮೇಲೆ ಯಾರ ಮನೆಯ ಸಾರು ಎಷ್ಟು ಕುದಿದರೇನು?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ಸತ್ತವರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಇದಕ್ಕೆ ನಮ್ಮ ರಾಜ್ಯಗಳು ತೋರಿಸುವ ಪ್ರತಿಕ್ರಿಯೆ ಬಹುಪಾಲು ತಟ್ಟೆಯ ಹತ್ತಿರದ್ದು. 2023ರಲ್ಲಿ ಕೇರಳ ಹಸಿ ಮೊಟ್ಟೆಯ ಮೇಯನೀಸ್ ನಿಷೇಧಿಸಿತು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಷವರ್ಮಾದ ಮಾದರಿಗಳನ್ನು ಪರೀಕ್ಷಿಸಿ ಕೆಲವುಗಳಲ್ಲಿ ಬ್ಯಾಕ್ಟೀರಿಯಾ ಇದ್ದುದನ್ನು ಹೇಳಿತು. ಈ ಕ್ರಮಗಳು ಬೇಕಾದವೇ. ಆದರೆ ಷವರ್ಮಾದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಯಾವ ಫಾರಂನ, ಯಾವ ಬ್ಯಾಚಿನ ಕೋಳಿಯಿಂದ ಬಂತು ಎಂದು ಹಿಂದಕ್ಕೆ ಹೋಗಿ ಕೇಳುವ ವ್ಯವಸ್ಥೆ ಗಟ್ಟಿಯಾಗದಿದ್ದರೆ, ಅಂಗಡಿಗೆ ದಂಡ ಹಾಕಿದ ಮಾರನೆಯ ದಿನವೂ ಅದೇ ಫಾರಂನಿಂದ ಅದೇ ಬ್ಯಾಕ್ಟೀರಿಯಾ ಇನ್ನೊಂದು ಅಂಗಡಿಗೆ ಹೋಗುತ್ತದೆ.

ಫಾರಂನಲ್ಲೇ ಬ್ಯಾಕ್ಟೀರಿಯಾ ಕೊಲ್ಲಬೇಕು ಎಂದ ಕೂಡಲೇ ನೆನಪಾಗುವುದು ಆ್ಯಂಟಿಬಯಾಟಿಕ್. ಅಗ್ಗ, ನೀರಿಗೆ ಬೆರೆಸಿದರಾಯಿತು, ಕೋಳಿ ತೂಕವನ್ನೂ ಬೇಗ ಹಾಕುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಹಿಡಿದದ್ದು ಇದೇ ದಾರಿಯನ್ನು, ಮತ್ತು ಇದೇ ಅತ್ಯಂತ ಕೆಟ್ಟ ದಾರಿ. ದಿನವೂ ಸಣ್ಣ ಪ್ರಮಾಣದಲ್ಲಿ ಔಷಧ ಕುಡಿಯುವ ಕರುಳಿನಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ಬೆಳೆಯುತ್ತವೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ಪರೀಕ್ಷಿಸಿದ 70 ಕೋಳಿಮಾಂಸದ ಮಾದರಿಗಳಲ್ಲಿ ಶೇ 40ರಷ್ಟರಲ್ಲಿ ಆ್ಯಂಟಿಬಯಾಟಿಕ್ ಉಳಿಕೆಯಿತ್ತು. ಬೇರಾವ ಔಷಧವೂ ನಾಟದ ರೋಗಿಗೆ ವೈದ್ಯರು ಕೊನೆಯದಾಗಿ ಕೊಡುವ ಕಾಲಿಸ್ಟಿನ್ ಕೋಳಿಮೇವಿಗೂ ಹೋಗುತ್ತಿತ್ತು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಮೈಸೂರಿನ ವಿಜಯನಗರದಿಂದ ಹೆಚ್ಚು ದೂರವಿಲ್ಲದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಕಂಡುಕೊಂಡದ್ದು ಇದಕ್ಕಿಂತಲೂ ಯೋಚನೆಗೆ ಹಚ್ಚುವಂಥದು. ಸಾಕುಪ್ರಾಣಿಗಳು ಮತ್ತು ಮಾರುಕಟ್ಟೆಯ ಮಾಂಸದಿಂದ ಅವರು ಬೇರ್ಪಡಿಸಿದ್ದು ರೋಗಕಾರಕಗಳನ್ನಲ್ಲ, ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್‌ನಂಥ, ಮೊಸರಿನ ಬಳಗಕ್ಕೆ ಸೇರಿದ ಬ್ಯಾಕ್ಟೀರಿಯಾಗಳನ್ನು. ಅವುಗಳಲ್ಲೂ ಆ್ಯಂಟಿಬಯಾಟಿಕ್‌ಗೆ ಬಲವಾದ ಪ್ರತಿರೋಧ ಕಂಡುಬಂತು. ಈ ಪ್ರತಿರೋಧದ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಇನ್ನೊಂದಕ್ಕೆ ದಾಟಬಲ್ಲದು. ಅಂದರೆ ನಾವು ಸಜ್ಜನರೆಂದು ನಂಬಿದ ಬ್ಯಾಕ್ಟೀರಿಯಾಗಳೇ ದುರ್ಜನರಿಗೆ ಆಯುಧ ಒದಗಿಸುವ ಸ್ಥಿತಿಗೆ ಬಂದಿವೆ. ಹಾನಿಕರ ಬ್ಯಾಕ್ಟೀರಿಯಾ ತೊಲಗಬೇಕು, ಆದರೆ ಆ್ಯಂಟಿಬಯಾಟಿಕ್ ಕೂಡದು ಎಂಬ ಇಕ್ಕಟ್ಟಿಗೆ ಉತ್ತರ ಬೇಕು.

ಉತ್ತರ ಅರ್ಧ ಶತಮಾನದಿಂದ ಇದೆ. 1971ರಲ್ಲಿ ಫಿನ್ಲೆಂಡಿನ ಮಾಂಸದ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಹರಡಿತು. ಎಸ್ಕೊ ನುರ್ಮಿ ಎಂಬ ವಿಜ್ಞಾನಿ ಆಗ ಒಂದು ಮೂಲಭೂತ ವಿಷಯವನ್ನು ಗಮನಿಸಿದರು. ತಾಯಿಕೋಳಿ ಕಾವು ಕೂತು ಮರಿ ಮಾಡಿದರೆ, ಮರಿ ಹುಟ್ಟಿದ ಗಳಿಗೆಯಿಂದ ತಾಯಿಯ ಹಿಕ್ಕೆ ಕೆದಕುತ್ತಾ, ಅವಳು ಕೆದರಿದ್ದನ್ನು ಹೆಕ್ಕುತ್ತಾ ಅವಳ ಕರುಳಿನ ಬ್ಯಾಕ್ಟೀರಿಯಾಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಹ್ಯಾಚರಿಯ ಯಂತ್ರದಲ್ಲಿ ಒಡೆದ ಮೊಟ್ಟೆಯಿಂದ ಬಂದ ಮರಿಗೆ ತಾಯಿಯಿಲ್ಲ. ಅದರ ಕರುಳು ಖಾಲಿ. ಅಂಥ ಎಳೆಮರಿಯ ಹೊಟ್ಟೆಗೆ ಬೆರಳೆಣಿಕೆಯಷ್ಟು ಸಾಲ್ಮೊನೆಲ್ಲಾ ಹೋದರೂ ಅವು ಬೇರೂರಿಬಿಡುತ್ತವೆ. ಅದೇ ಬೆಳೆದ ಕೋಳಿ ಲಕ್ಷಗಟ್ಟಲೆಯನ್ನು ತಡೆದುಕೊಳ್ಳಬಲ್ಲದು. ನುರ್ಮಿ ಮತ್ತು ಅವರ ಸಹೋದ್ಯೋಗಿ ರಂತಲಾ ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನಲ್ಲಿದ್ದುದನ್ನು ತೆಗೆದು ಎಳೆಮರಿಗಳಿಗೆ ಕುಡಿಸಿ ನೋಡಿದರು. ಸಾಲ್ಮೊನೆಲ್ಲಾ ಬೇರೂರುವುದು ಬಹುಮಟ್ಟಿಗೆ ನಿಂತಿತು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಯೋಗದ ತತ್ವ ನಮಗೆ ಚೆನ್ನಾಗಿ ಗೊತ್ತಿರುವಂಥದೇ: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿದ್ದರೆ ತಡವಾಗಿ ಹತ್ತಿದವರಿಗೆ ಕೂರಲು ಜಾಗವಿಲ್ಲ. ಕರುಳಿನ ಗೋಡೆಯ ಜಾಗವನ್ನೂ ಆಹಾರವನ್ನೂ ಒಳ್ಳೆಯ ಬ್ಯಾಕ್ಟೀರಿಯಾಗಳು ಮೊದಲೇ ಹಿಡಿದಿರುತ್ತವೆ, ಜೊತೆಗೆ ಅವು ಹೊರಬಿಡುವ ಆಮ್ಲಗಳು ಸಾಲ್ಮೊನೆಲ್ಲಾವನ್ನು ಸೊರಗಿಸುತ್ತವೆ. ಇದರಲ್ಲಿ ಕೊಲ್ಲುವ ಔಷಧವಿಲ್ಲ, ಆದ್ದರಿಂದ ಆ್ಯಂಟಿಬಯಾಟಿಕ್ ಹುಟ್ಟಿಸುವ ಪ್ರತಿರೋಧದ ಕಾಟವೂ ಇಲ್ಲ. ಈಗ ಮಾರುಕಟ್ಟೆಯಲ್ಲಿ ಪ್ರೊಬಯಾಟಿಕ್ ಹೆಸರಿನಲ್ಲಿ ಬರುವ ಪುಡಿಗಳೆಲ್ಲ ಇದಕ್ಕೆ ಸಮ ಎಂದು ತಿಳಿಯಬಾರದು. ಒಂದೆರಡು ಬಗೆಯ ಬ್ಯಾಕ್ಟೀರಿಯಾ ಇರುವ ಪುಡಿಗಿಂತ ಹತ್ತಾರು ಬಗೆಗಳಿರುವ ಮಿಶ್ರಣ ಸಾಮಾನ್ಯವಾಗಿ ಹೆಚ್ಚು ಪರಿಣಾಮಕಾರಿ. ಅದನ್ನು ಮೊದಲ ದಿನವೇ, ಮರಿ ಹ್ಯಾಚರಿ ಬಿಡುವ ಮೊದಲೇ ಕೊಡಬೇಕು. ಕೆಟ್ಟದ್ದು ಬೇರೂರಿದ ಮೇಲೆ ಕೊಟ್ಟರೆ ಹೆಚ್ಚು ಫಲವಿಲ್ಲ.

ಕೋಳಿಮನೆಯಲ್ಲಿ ಮಾಡಿದ್ದು ಆಸ್ಪತ್ರೆಯಲ್ಲಿ ಕಾಣಿಸುತ್ತದೆಯೇ ಎಂಬ ಪ್ರಶ್ನೆಗೆ ಎರಡು ದೇಶಗಳ ಅನುಭವವೇ ಸಾಕ್ಷಿ. 1953ರಲ್ಲಿ ಸ್ವೀಡನ್ನಿನ ಆಲ್ವೆಸ್ತಾ ಊರಿನ ಕಸಾಯಿಖಾನೆಯಿಂದ ಹೊರಟ ಮಾಂಸದಿಂದ ಸುಮಾರು 9,000 ಜನ ಸಾಲ್ಮೊನೆಲ್ಲಾಕ್ಕೆ ತುತ್ತಾದರು, ತೊಂಬತ್ತರಷ್ಟು ಜನ ಸತ್ತರು. ಆ ದೇಶ ಅಡುಗೆಮನೆಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಮೇವು, ಮರಿ, ಮಂದೆ, ಕಸಾಯಿಖಾನೆ ಹೀಗೆ ಪ್ರತಿ ಹಂತದಲ್ಲೂ ಪರೀಕ್ಷೆ ತಂದಿತು, ಸಾಲ್ಮೊನೆಲ್ಲಾ ಸಿಕ್ಕ ಮಂದೆ ಮಾರುಕಟ್ಟೆಗೆ ಹೋಗದಂತೆ ಮಾಡಿತು. ಇಂದು ಅಲ್ಲಿನ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಅಪರೂಪ. 1986ರಲ್ಲಿ ಬೆಳವಣಿಗೆಗಾಗಿ ಆ್ಯಂಟಿಬಯಾಟಿಕ್ ಕೊಡುವುದನ್ನು ಮೊದಲು ನಿಲ್ಲಿಸಿದ್ದೂ ಇದೇ ದೇಶ ಎಂಬುದು ಗಮನಾರ್ಹ; ಎರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಬ್ರಿಟನ್ನಿನಲ್ಲಿ 1988ರ ಡಿಸೆಂಬರಿನಲ್ಲಿ ಎಡ್ವಿನಾ ಕರಿ ಎಂಬ ಸಚಿವೆ ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದದ್ದಕ್ಕೆ ಮೊಟ್ಟೆ ವ್ಯಾಪಾರ ಕುಸಿಯಿತು, ಅವರ ಪದವಿಯೂ ಹೋಯಿತು. 1998ರಿಂದ ಸಿಂಹ ಮುದ್ರೆಯ ಮೊಟ್ಟೆ ಯೋಜನೆಯಡಿ ಕೋಳಿಗಳಿಗೆ ಲಸಿಕೆ ಹಾಕಲಾಯಿತು. ಜನರಲ್ಲಿ ಕಾಯಿಲೆ ಭಾರಿ ಇಳಿದು, 2017ರಲ್ಲಿ ಅಲ್ಲಿನ ಆಹಾರ ಸಂಸ್ಥೆ ಆ ಮುದ್ರೆಯ ಮೊಟ್ಟೆಯನ್ನು ಅರೆಬೆಂದದ್ದಾದರೂ ಗರ್ಭಿಣಿಯರು, ಮಕ್ಕಳು ತಿನ್ನಬಹುದು ಎಂದಿತು. ಅಡುಗೆ ಮಾಡುವವರು ಬದಲಾಗಲಿಲ್ಲ; ಕೋಳಿಯ ಒಡಲು ಬದಲಾಯಿತು.

ಎಲ್ಲದಕ್ಕೂ ಇಷ್ಟು ಸುಲಭದ ಪರಿಹಾರವಿಲ್ಲ. ಕ್ಯಾಂಪೈಲೊಬ್ಯಾಕ್ಟರ್‌ಗೆ ಬಳಕೆಗೆ ಬಂದ ಲಸಿಕೆ ಇಲ್ಲ, ನುರ್ಮಿಯ ವಿಧಾನವೂ ಅದರ ಮೇಲೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಅದನ್ನು ಕೋಳಿಯ ಕರುಳಿನಲ್ಲಿ 1,000 ಪಟ್ಟು ಇಳಿಸಿದರೆ ಕೋಳಿಮಾಂಸದಿಂದ ಮನುಷ್ಯರಿಗೆ ಬರುವ ಅಪಾಯ ಶೇ 58ರಷ್ಟು ಕಡಿಮೆಯಾದೀತೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಅಂದಾಜಿಸಿತು. ಪೂರ್ತಿ ನಿರ್ಮೂಲನೆಯ ಮಾತೇ ಅಲ್ಲ ಅದು, ಆದರೂ ಅರ್ಧಕ್ಕಿಂತ ಹೆಚ್ಚು. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳ ಮೇಲೆ ಭರವಸೆಯಿದೆ. ಗಂಗಾ, ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುತ್ತದೆಂದು ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಬರೆದಾಗ ಕಾರಣ ತಿಳಿದಿರಲಿಲ್ಲ. 1917ರಲ್ಲಿ ಫೆಲಿಕ್ಸ್ ಡಿ'ಹೆರೆಲ್ ಆ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು, ಎರಡು ವರ್ಷದಲ್ಲಿ ಅವನ್ನು ಪ್ರಯೋಗಿಸಿದ್ದು ಕೋಳಿಗಳ ಮೇಲೆ. ದನ, ಕುರಿಗಳ ವಿಷಯದಲ್ಲಿ ಮಾಡಬಹುದಾದದ್ದು ಸದ್ಯಕ್ಕೆ ಹೆಚ್ಚು ಸಾಮಾನ್ಯ ಸಂಗತಿ: ಒಣಗಿದ ನೆಲ, ಶುದ್ಧ ನೀರಿನ ತೊಟ್ಟಿ, ಸಗಣಿ ಮೆತ್ತದ ಮೈ. ಬನ್ನೂರು ಕುರಿಯ ಮಾಂಸದ ರುಚಿ ಹೊಗಳುವವರು ಆ ಕುರಿಯನ್ನು ಸುಲಿಯುವಾಗ ಉಣ್ಣೆಗೆ ಅಂಟಿದ ಹಿಕ್ಕೆ ಮಾಂಸಕ್ಕೆ ತಾಗದಂತೆ ನೋಡಿದ್ದಾರೆಯೇ ಎಂದೂ ಕೇಳಬೇಕು.

ಫಾರಂ ಕೋಳಿಯ ಗೊಡವೆಯೇ ಬೇಡ, ನಾಟಿ ಕೋಳಿ ತಂದರಾಯಿತು ಎನ್ನುವವರಿದ್ದಾರೆ. ನಾಟಿ ಕೋಳಿಗೆ ತಾಯಿಯ ಬ್ಯಾಕ್ಟೀರಿಯಾ ಸಿಗುತ್ತದೆ ನಿಜ. ಆದರೆ ತಿಪ್ಪೆ, ಚರಂಡಿ, ಕಾಡುಹಕ್ಕಿಗಳ ಸಹವಾಸವೂ ಅದಕ್ಕಿದೆ; ಹೊರಗೆ ಮೇಯುವ ಕೋಳಿಗಳಲ್ಲಿ ಕ್ಯಾಂಪೈಲೊಬ್ಯಾಕ್ಟರ್ ಕಡಿಮೆಯೇನಿಲ್ಲ. ನಾಟಿ ಎಂಬ ಹೆಸರು ಪರೀಕ್ಷೆಗೆ ಪರ್ಯಾಯವಾಗದು. ಇದಕ್ಕಿಂತ ಭಾರವಾದ ಆಕ್ಷೇಪ ಖರ್ಚಿನದು. ಕೋಳಿ ಸಾಕುವ ರೈತ ಈಗಾಗಲೇ ಸೊರಗಿದ್ದಾನೆ, ಅವನ ಮೇಲೆ ಇನ್ನೊಂದು ಹೊರೆ ಯಾಕೆ? ಈ ಪ್ರಶ್ನೆಯನ್ನು ಕೇಳುವವರ ಕಾಳಜಿ ನಿಜವಾದದ್ದು, ಉತ್ತರವೂ ಅಷ್ಟೇ ನೇರವಾಗಿರಬೇಕು. ಮಾಂಸದ ಕೋಳಿಯ ಬಹುಪಾಲು ವ್ಯವಹಾರ ಇಂದು ಒಪ್ಪಂದದ ಮೇಲೆ ನಡೆಯುತ್ತದೆ. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧವೂ ಕಂಪನಿಯದೇ. ಶೆಡ್ಡು, ಭತ್ತದ ಹೊಟ್ಟು ಹರಡಿದ ನೆಲ, ಕರೆಂಟು, ದುಡಿಮೆ ರೈತನದು; ಸುಮಾರು ನಲವತ್ತು ದಿನಕ್ಕೆ ಕೋಳಿ ತೂಗಿ ಕೊಟ್ಟರೆ ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ ಸಿಗುತ್ತದೆ. ಸಾಲ್ಮೊನೆಲ್ಲಾ ಮರಿಯ ಜೊತೆಗೋ ಮೇವಿನ ಜೊತೆಗೋ ಬಂದರೆ ಅದಕ್ಕೆ ರೈತ ಹೊಣೆಯಲ್ಲ. ಆದ್ದರಿಂದ ಮರಿಯ, ಮೇವಿನ ಪರೀಕ್ಷೆಯ ಖರ್ಚನ್ನು, ಮೊದಲ ದಿನದ ಮಿಶ್ರಣ ಮತ್ತು ಲಸಿಕೆಯ ಖರ್ಚನ್ನು ಅವುಗಳ ಒಡೆಯರೇ ಹೊರಬೇಕು. ರೈತನ ಪಾಲಿಗೆ ಬರುವುದು ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬದಲಿಸುವುದು, ಇಲಿ ತಡೆಯುವುದು, ಒಂದು ಬ್ಯಾಚ್ ಹೋದ ಮೇಲೆ ಹಳೆಯ ಹೊಟ್ಟನ್ನು ಪೂರ್ತಿ ತೆಗೆದು ಸುಣ್ಣ ಬಳಿದು ಕೆಲವು ದಿನ ಖಾಲಿ ಬಿಡುವುದು. ಆ ಖಾಲಿ ದಿನಗಳಿಗೂ ಒಪ್ಪಂದದಲ್ಲಿ ಬೆಲೆ ಇರಬೇಕು, ಇಲ್ಲದಿದ್ದರೆ ಯಾವ ರೈತನೂ ಅದನ್ನು ಪಾಲಿಸಲಾರ.

ಪರೀಕ್ಷೆಯೂ ಜಟಿಲವಾದದ್ದಲ್ಲ. ಯುರೋಪಿನಲ್ಲಿ ಮಾಡುವಂತೆ ಬೂಟಿನ ಮೇಲೆ ಬಟ್ಟೆಯ ಚೀಲ ಕಟ್ಟಿಕೊಂಡು ಶೆಡ್ಡಿನ ಉದ್ದಕ್ಕೂ ನಡೆದರೆ ಸಾವಿರಾರು ಕೋಳಿಗಳ ಹಿಕ್ಕೆ ಆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಆ ಬಟ್ಟೆಯೇ ಮಾದರಿ. ಕೋಳಿ ಮಾರಾಟಕ್ಕೆ ಹೋಗುವ ಎರಡು ಮೂರು ವಾರ ಮೊದಲು ಇದನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲ್ಮೊನೆಲ್ಲಾ ಇರುವ ಬ್ಯಾಚ್ ಯಾವುದೆಂದು ಮೊದಲೇ ತಿಳಿಯುತ್ತದೆ. ಅಂಥ ಬ್ಯಾಚನ್ನು ದಿನದ ಕೊನೆಯಲ್ಲಿ, ಬೇರೆಯಾಗಿ ಕೊಯ್ದು, ಕಾರ್ಖಾನೆಯಲ್ಲಿ ಬೇಯಿಸಿ ಮಾರುವ ಪದಾರ್ಥಕ್ಕೆ ಕಳಿಸಬಹುದು. ಇಂಥ ಕೆಲಸ ಶುರುಮಾಡಲು ಮೈಸೂರಿನಷ್ಟು ಅನುಕೂಲ ಇರುವ ಊರು ದೇಶದಲ್ಲಿ ಹೆಚ್ಚಿಲ್ಲ. 1950ರಿಂದ ಚೆಲುವಾಂಬ ಮ್ಯಾನ್ಶನ್ನಿನಲ್ಲಿರುವ ಸಿಎಫ್‌ಟಿಆರ್‌ಐನಲ್ಲಿ ಮಾಂಸ ವಿಜ್ಞಾನವೂ ಇದೆ, ಸೂಕ್ಷ್ಮಜೀವಿ ವಿಜ್ಞಾನವೂ ಇದೆ. ಸೈನಿಕರ ಊಟದ ಬಗ್ಗೆ ಸಂಶೋಧನೆ ಮಾಡುವ ರಕ್ಷಣಾ ಆಹಾರ ಸಂಶೋಧನಾಲಯವೂ ಇದೇ ಊರಿನಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಲಸಿಕೆ ತಯಾರಿಸುವ ಸಂಸ್ಥೆ, ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ಲೆಕ್ಕವಿಡುವ ರಾಷ್ಟ್ರೀಯ ಸಂಸ್ಥೆ ಇವೆ. ಇಷ್ಟಿದ್ದೂ ಪಶುಸಂಗೋಪನಾ ಇಲಾಖೆ ಬದುಕಿರುವ ಕೋಳಿಯನ್ನು ನೋಡುತ್ತದೆ, ಆಹಾರ ಸುರಕ್ಷತಾ ಇಲಾಖೆ ಸತ್ತ ಕೋಳಿಯನ್ನು ನೋಡುತ್ತದೆ, ಆರೋಗ್ಯ ಇಲಾಖೆ ಕಾಯಿಲೆ ಬಿದ್ದ ಮನುಷ್ಯನನ್ನು ನೋಡುತ್ತದೆ. ಮೂವರ ಕೈಯಲ್ಲಿರುವ ಬ್ಯಾಕ್ಟೀರಿಯಾ ಒಂದೇ ಇರಬಹುದು. ಆದ್ದರಿಂದ ಮೊದಲು ಮಾಡಬೇಕಾದದ್ದು ಮೈಸೂರು ಜಿಲ್ಲೆಗೆ ಮರಿ ಪೂರೈಸುವ ಹ್ಯಾಚರಿಗಳ ಸಾಲ್ಮೊನೆಲ್ಲಾ ಪರೀಕ್ಷೆಯನ್ನು ಕಡ್ಡಾಯ ಮಾಡಿ, ಅದರ ಫಲಿತಾಂಶ ಈ ಮೂರೂ ಇಲಾಖೆಗಳಿಗೆ ಒಂದೇ ದಿನ ತಲುಪುವಂತೆ ಮಾಡುವುದು. ಹ್ಯಾಚರಿಗಳ ಸಂಖ್ಯೆ ಕೋಳಿ ಅಂಗಡಿಗಳ ಸಂಖ್ಯೆಗಿಂತ ಎಷ್ಟೋ ಪಟ್ಟು ಕಡಿಮೆ. ಇರುವ ಸಿಬ್ಬಂದಿಯಲ್ಲೇ ಆಗುವ ಕೆಲಸ ಇದು.